17ರ ಮಗನಿಗೆ ಲಿಂಫೋಮಾ: ಮಕ್ಕಳ ವಾರ್ಡಾ, ದೊಡ್ಡವರ ವಾರ್ಡಾ?

ಪ್ರಶ್ನೆ: ಡಾಕ್ಟ್ರೇ, ಮಗನಿಗೆ 17, ಸೆಕೆಂಡ್ ಪಿಯುಸಿ. ಯೂನಿಫಾರ್ಮಿನ ಕಾಲರ್ ಬಟನ್ ಹಾಕಲು ಆಗುತ್ತಿಲ್ಲ ಅಂದಾಗಲೇ ಕುತ್ತಿಗೆಯ ಗಂಟು ನೋಡಿದ್ದು. ಟಿಬಿ ಗಂಟು ಅಂತ ಎರಡು ತಿಂಗಳು ಮಾತ್ರೆ ಕೊಟ್ಟರು, ಕರಗಲಿಲ್ಲ. ಈಗ ಬಯಾಪ್ಸಿಯಲ್ಲಿ ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ಲಿಂಫ್ ಗಂಟುಗಳ ಕ್ಯಾನ್ಸರ್ ಅಂತ ಬಂದಿದೆ, ಎರಡನೇ ಸ್ಟೇಜ್. ಒಬ್ಬರು ಮಕ್ಕಳ ವಿಭಾಗಕ್ಕೆ ಹೋಗಿ ಅಂತಾರೆ, ಇನ್ನೊಬ್ಬರು ದೊಡ್ಡವರ ವಿಭಾಗಕ್ಕೆ. ಔಷಧವೂ ಬೇರೆಯಂತೆ. ಅವನಿಗೆ ಬರೀ ‘ಇನ್ಫೆಕ್ಷನ್’ ಅಂತ ಹೇಳಿದ್ದೇವೆ.

ಉತ್ತರ: ಇಬ್ಬರೂ ತಪ್ಪು ಹೇಳಿಲ್ಲ ಅಮ್ಮಾ. ಈ ವಯಸ್ಸು ಎರಡೂ ಕಡೆ ಸಲ್ಲುತ್ತದೆ. ದೊಡ್ಡವರಿಗೆ ಹೆಚ್ಚಾಗಿ ಎಬಿವಿಡಿ ಕೊಡುತ್ತಾರೆ: ನಾಲ್ಕು ಔಷಧ, ಎರಡು ವಾರಕ್ಕೊಂದು ಡ್ರಿಪ್, ಎರಡು ಡ್ರಿಪ್ ಸೇರಿ ಒಂದು ಸೈಕಲ್. ಮಕ್ಕಳ ವಿಭಾಗದಲ್ಲಿ ಒಇಪಿಎ ತರಹದ ಇನ್ನೊಂದು ಔಷಧಗಳ ಜೋಡಣೆ. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ, ಎಬಿವಿಡಿಯಲ್ಲಿರುವ, ಶ್ವಾಸಕೋಶಕ್ಕೆ ತೊಂದರೆ ಕೊಡಬಹುದಾದ ಬ್ಲಿಯೋಮೈಸಿನ್ ಇರಲ್ಲ. ಎರಡು ಸೈಕಲ್ ಆದ ಮೇಲೆ, ಕ್ಯಾನ್ಸರ್ ಎಷ್ಟು ಉಳಿದಿದೆ ಅಂತ ತೋರಿಸುವ ಪೆಟ್ ಸ್ಕ್ಯಾನ್ ನೋಡಿ ಮುಂದಿನದನ್ನು ಕಡಿಮೆ ಮಾಡುವುದೋ ಜಾಸ್ತಿ ಮಾಡುವುದೋ ಅಂತ ನಿರ್ಧರಿಸುತ್ತಾರೆ. ಇದು ಚೆನ್ನಾಗಿ ವಾಸಿಯಾಗುವ ಕ್ಯಾನ್ಸರ್. ಅದಕ್ಕೇ, ಇನ್ನೂ ಐವತ್ತು ವರ್ಷ ಬಾಳುವ ಹುಡುಗನ ಹೃದಯ, ಶ್ವಾಸಕೋಶವನ್ನೂ ಉಳಿಸಿಕೊಳ್ಳಬೇಕು. ಅಂದಹಾಗೆ, 3–4ನೇ ಸ್ಟೇಜಿನವರಿಗೆ ನಿವೊಲುಮ್ಯಾಬ್ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧ) ಕೊಟ್ಟು ನೋಡಿದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ 12 ವರ್ಷದವರನ್ನೂ ದೊಡ್ಡವರನ್ನೂ ಒಟ್ಟಿಗೇ ಸೇರಿಸಿದ್ದರು. ವಾರ್ಡಿನ ಬೋರ್ಡಿಗಿಂತ, ಈ ವಯಸ್ಸಿನ ಲಿಂಫೋಮಾ ಯಾರು ಜಾಸ್ತಿ ನೋಡಿದ್ದಾರೆ ಅಂತ ಕೇಳಿ.

ಇದಕ್ಕಿಂತ ಅರ್ಜೆಂಟ್ ಇನ್ನೊಂದಿದೆ. ಮೊದಲ ಕೀಮೋಗೆ ಮುಂಚೆಯೇ ವೀರ್ಯ ತೆಗೆದಿಡುವ ಬಗ್ಗೆ ಕೇಳಿ. ಎಬಿವಿಡಿಯಿಂದ ಮಕ್ಕಳಾಗಲು ತೊಂದರೆಯಾಗುವುದು ಕಡಿಮೆ. ಆದರೆ ಮುಂದೆ ಜೋರು ಔಷಧ ಬೇಕಾದರೆ ಆಗ ತಡವಾಗುತ್ತದೆ. ಒಂದೆರಡು ದಿನದ ಕೆಲಸ ಅಷ್ಟೆ.

ಪ್ರಶ್ನೆ: ಅಯ್ಯೋ, ಇದನ್ನೆಲ್ಲ ಅವನ ಹತ್ತಿರ ಹೇಗೆ ಮಾತಾಡಲಿ? ಅವರಪ್ಪ ಬೇಡವೇ ಬೇಡ ಅಂತಾರೆ.

ಉತ್ತರ: ನೀವು ಮಾತಾಡಬೇಡಿ. ಹತ್ತು ನಿಮಿಷ ಅವನನ್ನು ಡಾಕ್ಟರ ಜೊತೆ ಬಿಟ್ಟು, ನೀವಿಬ್ಬರೂ ಹೊರಗೆ ಕೂತುಕೊಳ್ಳಿ. ಆದರೆ ಕಾಯಿಲೆಯ ಹೆಸರನ್ನು ಇವತ್ತೇ ಹೇಳಿಬಿಡಿ. ರಿಪೋರ್ಟಿನ ಪದವನ್ನು ಅವನು ಫೋನಿನಲ್ಲಿ ಹುಡುಕಿರುತ್ತಾನೆ ಅಂತಲೇ ಇಟ್ಟುಕೊಳ್ಳಿ. ಎಬಿವಿಡಿ, ಒಇಪಿಎ ಎರಡರಲ್ಲೂ ಡಾಕ್ಸೊರುಬಿಸಿನ್ ಅಂತ ಕೆಂಪು ಔಷಧ ಇರುತ್ತದೆ. ಅದು ಮೈಗೆ ಏರಿದ ದಿನ ಮೂತ್ರ ಕೆಂಪಗೆ ಬರಬಹುದು. ಏನೂ ಹೇಳದಿದ್ದರೆ ಬಾತ್‌ರೂಮಿನಲ್ಲಿ ಒಬ್ಬನೇ ಹೆದರಿಕೊಳ್ಳುತ್ತಾನೆ, ಅಲ್ವಾ?

ಪ್ರಶ್ನೆ: ಪರೀಕ್ಷೆ ಬರೆಯಬಹುದಾ?

ಉತ್ತರ: ಡ್ರಿಪ್ ಆದ ವಾರ ಸುಸ್ತು, ಆಮೇಲಿನ ವಾರ ಸ್ವಲ್ಪ ವಾಸಿ. ಅವನನ್ನೇ ಕೇಳಿ. ಆಗದಿದ್ದರೆ ಪರೀಕ್ಷೆ-2 ಇದೆಯಲ್ಲ. ಆದರೆ ಜ್ವರ 100.4 ದಾಟಿದರೆ ಪರೀಕ್ಷೆಯ ದಿನವಾದರೂ ಸರಿ, ರಾತ್ರಿಯಾದರೂ ಸರಿ, ಬೆಳಗ್ಗೆವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.