ಕಾಂಜುಗೇಷನ್: ಪ್ಲೇಟ್‌ನಲ್ಲಿ ಒಂದೂ ಕಾಲೊನಿ ಬರುತ್ತಿಲ್ಲ

ಅಗರ್‌ಪ್ಲೇಟ್_ಮೈಸೂರು:
ಎಂಎಸ್ಸಿ ಪ್ರಾಕ್ಟಿಕಲ್‌ಗೆ ಕಾಂಜುಗೇಷನ್ ಮಾಡುತ್ತಿದ್ದೇನೆ, ಅಂದರೆ ಒಂದು ಬ್ಯಾಕ್ಟೀರಿಯಾ (ಡೋನರ್) ಇನ್ನೊಂದಕ್ಕೆ (ರೆಸಿಪಿಯೆಂಟ್) ನೇರವಾಗಿ ಡಿಎನ್ಎ ದಾಟಿಸುವುದು. ಡೋನರ್ ಇ. ಕೊಲೈಯ ಎಫ್ ಪ್ಲಾಸ್ಮಿಡ್‌ನಲ್ಲಿ (ಹೀಗೆ ದಾಟಬಲ್ಲ ಪ್ರತ್ಯೇಕ ಡಿಎನ್ಎ ಉಂಗುರ) ಕ್ಯಾನಮೈಸಿನ್ ತಡೆಯುವ ಜೀನ್ ಇದೆ. ರೆಸಿಪಿಯೆಂಟ್ ಸ್ಟ್ರೆಪ್ಟೊಮೈಸಿನ್ ತಡೆಯುತ್ತದೆ, ಆದರೆ ಲ್ಯಾಕ್ಟೋಸ್ ಬಳಸುವುದಿಲ್ಲ. ಎರಡನ್ನೂ ರಾತ್ರಿಯಿಡೀ ಬೆಂಚ್ ಮೇಲೆ ಬೆಳೆಸಿದೆ. ಬೆಳಿಗ್ಗೆ ಬೆರೆಸಿ, ಶೇಕರ್‌ನಲ್ಲಿ 200 ಆರ್‌ಪಿಎಂಗೆ ಅರ್ಧ ಗಂಟೆ ಬಿಟ್ಟು, ಎರಡೂ ಆಂಟಿಬಯಾಟಿಕ್ ಇರುವ ಪ್ಲೇಟ್‌ಗೆ ಹರಡಿದೆ. ಪ್ಲಾಸ್ಮಿಡ್ ಪಡೆದ ರೆಸಿಪಿಯೆಂಟ್ ಮಾತ್ರ ಅಲ್ಲಿ ಬೆಳೆಯಬೇಕು. ಪೂರ್ತಿ ಖಾಲಿ! ಪ್ಲಾಸ್ಮಿಡ್ ಕಳೆದುಹೋಗಿದೆಯಾ?

ಬೆಲ್ಲದಚ್ಚು_ಮಂಡ್ಯ:
ಡೋನರ್ ಕ್ಯಾನಮೈಸಿನ್ ಪ್ಲೇಟ್‌ನಲ್ಲಿ ಬೆಳೆಯುತ್ತಾ?

ಅಗರ್‌ಪ್ಲೇಟ್_ಮೈಸೂರು:
ಚೆನ್ನಾಗೇ ಬೆಳೆಯುತ್ತದೆ.

ಬೆಲ್ಲದಚ್ಚು_ಮಂಡ್ಯ:
ಹಾಗಾದರೆ ಪ್ಲಾಸ್ಮಿಡ್ ಮೇಲೆ ಅನುಮಾನ ಬೇಡ. ಮೊದಲು ಶೇಕರ್ ಆಫ್ ಮಾಡಿ. ಡೋನರ್ ತನ್ನ ಪೈಲಸ್‌ನಿಂದ (ಮೈಮೇಲಿನ ಕೂದಲಿನಂಥ ಎಳೆ) ರೆಸಿಪಿಯೆಂಟನ್ನು ಹಿಡಿದು ಹತ್ತಿರ ಎಳೆದುಕೊಳ್ಳಬೇಕು. ಆಮೇಲೆ ಡಿಎನ್ಎಯ ಒಂದು ಎಳೆ ದಾಟುತ್ತದೆ. 1950ರ ದಶಕದಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ವೋಲ್ಮನ್ ಮತ್ತು ಜಾಕೊಬ್ ಈ ಜೋಡಿಗಳನ್ನು ಬೇಕೆಂದೇ ಬಿಡಿಸಲು ಬ್ಲೆಂಡರ್ ಹಾಕುತ್ತಿದ್ದರು. ನಿಮ್ಮ ಶೇಕರ್ ಅಷ್ಟು ಜೋರಲ್ಲ, ಆದರೂ ಜೋಡಿ ಕೂಡುವುದಕ್ಕೆ ಅಡ್ಡಿಯೇ.

ಇನ್ನೊಂದು, ಈ ಡಿಸೆಂಬರ್ ಚಳಿಯಲ್ಲಿ ಬೆಂಚ್ ಮೇಲೆ ಯಾಕೆ ಸ್ವಾಮಿ? 25 ಡಿಗ್ರಿಗಿಂತ ಕೆಳಗೆ ಎಫ್ ಪೈಲಸ್ ಸರಿಯಾಗಿ ಬೆಳೆಯುವುದೇ ಇಲ್ಲ. ರಾತ್ರಿಯ ಹಳೇ ಕಲ್ಚರ್‌ನಲ್ಲೂ ಪೈಲಸ್ ಕಮ್ಮಿ. ಬೆಳಿಗ್ಗೆ ಹೊಸ ಬ್ರಾತ್‌ಗೆ (ದ್ರವ ಆಹಾರ) ಸ್ವಲ್ಪ ಹಾಕಿ, 37 ಡಿಗ್ರಿಯಲ್ಲಿ ಮಬ್ಬಾಗುವವರೆಗೆ ಬೆಳೆಸಿ. ಒಂದು ಪಾಲು ಡೋನರ್, ಹತ್ತು ಪಾಲು ರೆಸಿಪಿಯೆಂಟ್ ಬೆರೆಸಿ, 37ರಲ್ಲೇ ಒಂದು ಗಂಟೆ ಅಲ್ಲಾಡಿಸದೆ ಬಿಡಿ.

ಲೂಪ್‌ಹಿಡಿದವಳು:
ಬೆಳೆಸುವಾಗ ಬ್ರಾತ್‌ಗೆ ಆಂಟಿಬಯಾಟಿಕ್ ಹಾಕಿದ್ದಿರಾ? ತೊಳೆಯದೆ ಬೆರೆಸಿದರೆ ಡೋನರ್ ಜೊತೆ ಬಂದ ಕ್ಯಾನಮೈಸಿನ್ ರೆಸಿಪಿಯೆಂಟನ್ನು ಕೊಲ್ಲುತ್ತದೆ. ಆ ಕಡೆಯ ಸ್ಟ್ರೆಪ್ಟೊಮೈಸಿನ್ ಡೋನರನ್ನು! ಸೆಂಟ್ರಿಫ್ಯೂಜ್ ನಿಧಾನವಾಗಿ ತಿರುಗಿಸಿ, ಆಂಟಿಬಯಾಟಿಕ್ ಇಲ್ಲದ ಬ್ರಾತ್‌ನಲ್ಲಿ ಮೆಲ್ಲಗೆ ಕಲಸಿ.

ಅಗರ್‌ಪ್ಲೇಟ್_ಮೈಸೂರು:
ಹೌದು, ಎರಡಕ್ಕೂ ಹಾಕಿದ್ದೆ. ನೀವಿಬ್ಬರೂ ಹೇಳಿದ ಹಾಗೆ ಮಾಡಿದೆ, ಪ್ಲೇಟ್ ತುಂಬಾ ಕಾಲೊನಿ! ಆದರೆ ಡೋನರ್ ಮಾತ್ರ ಹಾಕಿದ ಕಂಟ್ರೋಲ್ ಪ್ಲೇಟ್‌ನಲ್ಲೂ ಎರಡು-ಮೂರು ಬಂದಿವೆ. ಇದೇನು?

ಲೂಪ್‌ಹಿಡಿದವಳು:
ಅವು ಮ್ಯುಟೇಷನ್‌ನಿಂದ (ಜೀನ್‌ನಲ್ಲಿ ತಾನಾಗಿಯೇ ಆಗುವ ಬದಲಾವಣೆ) ಸ್ಟ್ರೆಪ್ಟೊಮೈಸಿನ್ ತಡೆಯುವಂತಾದ ಡೋನರ್‌ಗಳು ಇರಬೇಕು. ಹತ್ತಾರು ಕಾಲೊನಿ ಆರಿಸಿ ಮೆಕ್ಯಾಂಕಿ ಅಗರ್ (ಲ್ಯಾಕ್ಟೋಸ್ ಬಳಸುವುದನ್ನು ಬಣ್ಣದಿಂದ ತೋರಿಸುವ ಪ್ಲೇಟ್) ಮೇಲೆ ಗೀಚಿ. ನಿಮ್ಮ ಡೋನರ್ ಲ್ಯಾಕ್ಟೋಸ್ ಬಳಸುವ ತಳಿಯಾದರೆ ಗುಲಾಬಿ ಆಗುತ್ತದೆ. ಪ್ಲಾಸ್ಮಿಡ್ ಪಡೆದ ರೆಸಿಪಿಯೆಂಟ್ ಬಣ್ಣವಿಲ್ಲದೆ ಉಳಿಯುತ್ತದೆ. ಮುಗಿದ ಮೇಲೆ ಪ್ಲೇಟ್ ಎಲ್ಲಾ ಆಟೋಕ್ಲೇವ್‌ಗೆ (ಒತ್ತಡದ ಹಬೆಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಯಂತ್ರ) ಹಾಕಿ, ಸಿಂಕ್‌ಗೆ ಬೇಡ.