ಕಾರ್ನ್ ಸ್ನೇಕ್ ಮರಿ ಮಾಡಿಸಲು ಪೆಟ್ಟಿಗೆ ಹೇಗಿರಬೇಕು?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಾನು ಇಂಗ್ಲೆಂಡಿನಲ್ಲಿ ನೆಲೆಸಿರುವ ಧಾರವಾಡದವನು. ನಾಲ್ಕು ವರ್ಷದ ಒಂದು ಜೋಡಿ ಕಾರ್ನ್ ಸ್ನೇಕ್‌ಗಳನ್ನು (ಅಮೆರಿಕ ಮೂಲದ, ವಿಷವಿಲ್ಲದ ಸಾಕು ಹಾವು) ನಾಲ್ಕು ಅಡಿ ಉದ್ದದ ಒಂದೇ ಮರದ ಪೆಟ್ಟಿಗೆಯಲ್ಲಿ ಸಾಕಿದ್ದೇನೆ. ಕಳೆದ ಬೇಸಿಗೆಯಲ್ಲಿ ಹೆಣ್ಣು ನೀರಿನ ಬಟ್ಟಲಿನೊಳಗೇ ಹದಿಮೂರು ಮೊಟ್ಟೆ ಇಟ್ಟಿತು, ಒಂದೂ ಉಳಿಯಲಿಲ್ಲ. ಈ ಸಲ ಏನು ಬದಲಿಸಬೇಕು?

ಉತ್ತರ: ಹೆಣ್ಣು ಬಟ್ಟಲಿಗೆ ಇಳಿದದ್ದು ಇಡೀ ಪೆಟ್ಟಿಗೆಯಲ್ಲಿ ತೇವವಿದ್ದ ಜಾಗ ಅದೊಂದೇ ಆಗಿದ್ದರಿಂದ. ಮೊದಲು ಎರಡನ್ನೂ ಬೇರೆ ಮಾಡಿ, ಕೂಡಿಸುವ ದಿನಗಳಲ್ಲಿ ಮಾತ್ರ ಗಂಡನ್ನು ಹೆಣ್ಣಿನ ಬಳಿ ಬಿಡಿ. ಒಟ್ಟಿಗೇ ಇದ್ದರೆ ಯಾವುದು ತಿಂದಿತು, ಯಾವುದು ಕಕ್ಕಿತು ಎಂಬುದೂ ತಿಳಿಯುವುದಿಲ್ಲ.

ಪೆಟ್ಟಿಗೆಯ ಒಂದು ತುದಿ 29ರಿಂದ 31 ಡಿಗ್ರಿ, ಇನ್ನೊಂದು ತುದಿ 22ರಿಂದ 24 ಡಿಗ್ರಿ ಸೆಲ್ಸಿಯಸ್ ಇರಲಿ, ಎರಡೂ ಕಡೆ ಅಡಗುತಾಣವಿರಲಿ. ಕಾವನ್ನು ಹದದಲ್ಲಿಡುವ ಥರ್ಮೋಸ್ಟಾಟ್‌ನ ಪ್ರೋಬನ್ನು, ಅಂದರೆ ಶಾಖ ಅಳೆಯುವ ತಂತಿಯ ತುದಿಯನ್ನು, ಪೆಟ್ಟಿಗೆ ಬಿಸಿ ಮಾಡುವ ಹೀಟ್ ಮ್ಯಾಟ್‌ಗೇ ಬಿಗಿಯಾಗಿ ಕಟ್ಟಿ. ಅದು ಕಳಚಿ ನೀರಿನ ಬಟ್ಟಲಿಗೆ ಬಿದ್ದರೆ ಯಂತ್ರಕ್ಕೆ ತಂಪೇ ತೋರುತ್ತದೆ, ಮ್ಯಾಟ್ ಕಾಯುತ್ತಲೇ ಹೋಗುತ್ತದೆ, ಹಾವಿನ ಹೊಟ್ಟೆ ಸುಡುತ್ತದೆ. ನನ್ನಲ್ಲಿಗೆ ಬರುವ ಸುಟ್ಟ ಗಾಯಗಳಲ್ಲಿ ಈ ಬಗೆಯವೇ ಹೆಚ್ಚು.

ಹಾವುಗಳು ಕೂಡಲು ಸಿದ್ಧವಾಗಲೆಂದು ಚಳಿಗಾಲದಲ್ಲಿ ಎರಡು ವಾರ ಆಹಾರ ನಿಲ್ಲಿಸಿ, ಕರುಳು ಖಾಲಿಯಾದ ಮೇಲೆ ಪೆಟ್ಟಿಗೆಯ ಶಾಖವನ್ನು ನಿಧಾನವಾಗಿ 10ರಿಂದ 13 ಡಿಗ್ರಿಗೆ ಇಳಿಸಿ, ಎಂಟರಿಂದ ಹತ್ತು ವಾರ ಹಾಗೇ ಇರಿಸಿ. ನೀರು ಮಾತ್ರ ಸದಾ ಇರಲಿ. ಆಮೇಲೆ ಮತ್ತೆ ಬೆಚ್ಚಗೆ ಮಾಡಿ ಕೂಡಿಸಿ. ಕೂಡಿದ ಮೇಲೆ ಸುಮಾರು 30ರಿಂದ 45 ದಿನಗಳಲ್ಲಿ ಮೊಟ್ಟೆ ಬರುತ್ತದೆ. ಅದಕ್ಕೆ ಮುಂಚೆ ಹೆಣ್ಣು ಒಮ್ಮೆ ಪೊರೆ ಬಿಡುತ್ತದೆ. ಅದರ ಕಣ್ಣು ಹಾಲಿನಂತೆ ಮಬ್ಬಾದ ದಿನವೇ, ಮೊಟ್ಟೆಯಿಡಲೆಂದು, ಮುಚ್ಚಳಕ್ಕೆ ಹೆಣ್ಣು ನುಸುಳುವಷ್ಟು ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಸ್ಫ್ಯಾಗ್ನಮ್ ಪಾಚಿ ತುಂಬಿ ಒಳಗಿಡಿ. ಪಾಚಿಯನ್ನು ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈಗೆ ಒದ್ದೆ ಮಾತ್ರ ಹತ್ತಬೇಕು.

ಪ್ರಶ್ನೆ: ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಬಿಡಿಸಬೇಕೇ?

ಉತ್ತರ: ಬೇಡ, ಗೊಂಚಲನ್ನು ಹಾಗೆಯೇ ಎತ್ತಿ ಇನ್‌ಕ್ಯುಬೇಟರಿಗೆ ಸಾಗಿಸಿ. ಎತ್ತುವ ಮುನ್ನ ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ. ಕೋಳಿ ಮೊಟ್ಟೆಯನ್ನು ಹೊರಳಿಸಬೇಕು, ಹಾವಿನದನ್ನು ಹೊರಳಿಸಬಾರದು. ಭ್ರೂಣ ಚಿಪ್ಪಿನ ಒಳಗೋಡೆಗೆ ಅಂಟಿರುವುದರಿಂದ ತಲೆಕೆಳಗಾದರೆ ಸಾಯಬಹುದು. ವರ್ಮಿಕ್ಯುಲೈಟ್‌ಗೆ (ನೀರು ಹೀರಿಟ್ಟುಕೊಳ್ಳುವ ಹಗುರ ಖನಿಜದ ಚೂರು) ಅದರ ತೂಕದಷ್ಟೇ ನೀರು ಬೆರೆಸಿ, ಅದರ ಮೇಲೆ ಮೊಟ್ಟೆಗಳನ್ನಿಟ್ಟು, 27ರಿಂದ 28 ಡಿಗ್ರಿ ಕಾವು ಕೊಟ್ಟರೆ ಎರಡು ತಿಂಗಳ ಆಸುಪಾಸಿನಲ್ಲಿ ಮರಿಗಳು ಹೊರಬರುತ್ತವೆ. ಮರಿಗಳಿಗೂ ಒಂದೊಂದಕ್ಕೆ ಒಂದೊಂದು ಡಬ್ಬಿ ಬೇಕು. ಈಗಲೇ ಹದಿನೈದು ಡಬ್ಬಿ ತಂದಿಡಿ.

ಪ್ರಶ್ನೆ: ನಾನು ಶಿರಸಿಯವನು. ಕೇರೆ ಹಾವಿಗೂ ಇದೇ ಕ್ರಮವೇ?

ಉತ್ತರ: ಅದನ್ನು ಹಿಡಿದು ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಣವೆಯ ಬುಡದಲ್ಲಿ ಮೊಟ್ಟೆ ಕಂಡರೂ ಮುಟ್ಟದೆ ಬಿಡಿ.