‘ನೀರು ನಿಲ್ಲುವುದಿಲ್ಲ’: ಬರುವುದು ನಿಲ್ಲುವುದಿಲ್ಲವೋ, ಒಳಗೆ ನಿಲ್ಲುವುದಿಲ್ಲವೋ?

ಬಳಗದ ಎಲ್ಲರಿಗೂ ನಮಸ್ಕಾರ.

ಹಳೆಯ ವಾಷಿಂಗ್ ಮೆಷಿನ್ ಕೆಟ್ಟಾಗ ಏನೇನು ನೋಡಬೇಕು ಎಂದು ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇನೆ. ನಮ್ಮ ಕಡೆಯ ಮನೆಗಳಲ್ಲಿ ಮೆಷಿನ್ ಪಕ್ಕದ ಗೋಡೆಗೆ ಅಂಟಿಸಿಡುವಂಥದ್ದು. ಬರೆಯಲು ಕೂತಾಗ ಭಾಗಗಳ ಹೆಸರು ಕಷ್ಟವಾಗಲಿಲ್ಲ. ಬೆಲ್ಟ್, ಪೈಪ್, ವಾಲ್ವ್, ಮೋಟಾರ್ ಎಲ್ಲರಿಗೂ ಗೊತ್ತು. ಕಷ್ಟವಾಗುತ್ತಿರುವುದು ಕ್ರಿಯಾಪದಗಳು. ಅದರಲ್ಲೂ ‘ನಿಲ್ಲು’. ನಿಮ್ಮ ಊರುಗಳಲ್ಲಿ ಹೇಗೆ ಹೇಳುತ್ತಾರೆ ಎಂದು ತಿಳಿಯಬೇಕು.

ಸಂದರ್ಭ ಹೇಳುತ್ತೇನೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನ ಅಕ್ಕನ ಮನೆ. ಅವರಲ್ಲಿರುವುದು ಮೇಲಿನಿಂದ ಬಟ್ಟೆ ಹಾಕುವ, ಪೂರ್ತಿ ಆಟೋಮ್ಯಾಟಿಕ್ ಮೆಷಿನ್. ಹಳತಾದರೂ ಗಟ್ಟಿ. ನೀರು ಹೊರಗೆ ಬಿಡುವ ಡ್ರೈನ್ ಮೋಟಾರ್ ಕೆಟ್ಟಿತ್ತು. ಭಾವ ತೋಟದ ಪಂಪ್‌ಸೆಟ್ಟನ್ನು ತಾವೇ ಬಿಚ್ಚಿ ಕಟ್ಟುವವರು, ಇದನ್ನೂ ತಾವೇ ಬದಲಾಯಿಸಿದರು. ಆಮೇಲೆ ಮೆಷಿನ್ ಹಾಕಿದರೆ ನೀರು ಬರುತ್ತಲೇ ಇತ್ತು, ಒಗೆಯಲು ಸುರುವೇ ಮಾಡಲಿಲ್ಲ. ಅಕ್ಕ ಕುಂಬಳೆಯ ಮೆಕ್ಯಾನಿಕ್‌ಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: ‘ನೀರು ನಿಲ್ಲುವುದಿಲ್ಲ.’ ಅವರು ನೀರು ಒಳಗೆ ಬಿಡುವ ವಾಲ್ವ್ ಹೋಗಿದೆ ಎಂದು ತಿಳಿದು ಹೊಸ ವಾಲ್ವ್ ತಂದರು. ಅಕ್ಕ ಹೇಳಿದ್ದು ತೊಟ್ಟಿಯಲ್ಲಿ ನೀರು ನಿಲ್ಲುವುದಿಲ್ಲ, ಇಳಿದು ಹೋಗುತ್ತಿದೆ ಎಂದು. ಇಬ್ಬರದೂ ಸರಿಯಾದ ಕನ್ನಡ. ಅರ್ಥ ಮಾತ್ರ ಎರಡು.

‘ಮಳೆ ನಿಂತಿತು’ ಎಂದರೆ ಬರುವುದು ಮುಗಿಯಿತು. ‘ಗದ್ದೆಯಲ್ಲಿ ನೀರು ನಿಂತಿತು’ ಎಂದರೆ ಅಲ್ಲೇ ಇದೆ, ಎಲ್ಲೂ ಹೋಗಿಲ್ಲ. ಒಂದೇ ಕ್ರಿಯಾಪದ. ಮಳೆ, ಗದ್ದೆ ಎಂಬ ಪದಗಳು ಜೊತೆಗಿರುವುದರಿಂದ ಗೊಂದಲ ಆಗುವುದಿಲ್ಲ. ಮೆಷಿನ್ನಿನಲ್ಲಿ ಬರುವ ನೀರೂ ಇದೆ, ಇರುವ ನೀರೂ ಇದೆ. ಹಾಗಾಗಿ ಬರೀ ‘ನಿಲ್ಲುವುದಿಲ್ಲ’ ಸಾಕಾಗುವುದಿಲ್ಲ. ಇದು ಕನ್ನಡ ಒಂದರ ಸಮಸ್ಯೆಯೂ ಅಲ್ಲ. ಹವ್ಯಕರ ಮನೆಮಾತಿನಲ್ಲಿ ‘ನೀರು ನಿಲ್ಲುತ್ತಿಲ್ಲೆ’ ಎಂದರೂ ಹಾಗೇ, ತುಳುವಿನಲ್ಲಿ ‘ನೀರ್ ಉಂತುಜಿ’ ಎಂದರೂ ಹಾಗೇ, ಮಲಯಾಳದಲ್ಲಿ ‘ವೆಳ್ಳಂ ನಿಲ್ಕುನ್ನಿಲ್ಲ’ ಎಂದರೂ ಹಾಗೇ. ಕಾಸರಗೋಡಿನಲ್ಲಿ ಒಂದು ಫೋನ್ ಮಾತು ಮುಗಿಯುವುದರೊಳಗೆ ಈ ಭಾಷೆಗಳ ನಡುವೆ ಎರಡು ಸಲ ದಾಟುತ್ತೇವೆ. ದಾಟಿದರೂ ಈ ಒಂದು ಗೊಂದಲ ಜೊತೆಗೇ ಬರುತ್ತದೆ.

ಮೆಷಿನ್ ಒಳಗೆ ನಡೆಯುವುದನ್ನು ನೋಡಿದರೆ ಎರಡೂ ಅರ್ಥ ಒಟ್ಟಿಗೇ ನಿಜವಾಗಬಹುದು. ಇದೇ ನನಗೆ ಮುಖ್ಯವಾಗಿ ಕಂಡದ್ದು. ತೊಟ್ಟಿಯ ಅಡಿಯಿಂದ ಮೇಲಿನ ಪ್ಯಾನೆಲ್‌ಗೆ ಸಪೂರದ ಒಂದು ಗಾಳಿ ಪೈಪ್ ಹೋಗಿರುತ್ತದೆ. ನೀರು ಏರಿದಂತೆ ಆ ಪೈಪಿನೊಳಗಿನ ಗಾಳಿ ಒತ್ತಿಕೊಳ್ಳುತ್ತದೆ. ಮೇಲಿರುವ ಪ್ರೆಶರ್ ಸ್ವಿಚ್ ಆ ಒತ್ತಡದಿಂದ ನೀರಿನ ಮಟ್ಟ ತಿಳಿಯುತ್ತದೆ. ಬೇಕಾದ ಮಟ್ಟ ಬಂದ ಮೇಲೆ ಒಳಬರುವ ವಾಲ್ವಿಗೆ ಕರೆಂಟ್ ತಪ್ಪುತ್ತದೆ, ವಾಲ್ವ್ ಮುಚ್ಚುತ್ತದೆ. ಈಗ ಅಡಿಯಿಂದ ನೀರು ಇಳಿದು ಹೋಗುತ್ತಿದ್ದರೆ ಮಟ್ಟ ಏರುವುದೇ ಇಲ್ಲ. ಹಾಗಾಗಿ ಮೇಲಿನಿಂದ ಬರುವ ನೀರೂ ನಿಲ್ಲುವುದಿಲ್ಲ. ಒಳಗೆ ನಿಲ್ಲದ್ದರಿಂದ ಬರುವುದೂ ನಿಲ್ಲಲಿಲ್ಲ. ಮಾಳಿಗೆಯ ಟಾಂಕಿ ಖಾಲಿಯಾಗುವವರೆಗೆ ಹೀಗೇ ನಡೆಯುತ್ತದೆ.

ಅಕ್ಕನ ಮನೆಯಲ್ಲಿ ಆದದ್ದು ಇದೇ. ಡ್ರೈನ್ ಮೋಟಾರ್ ಒಂದು ತಂತಿಯನ್ನು ಎಳೆದು, ನೀರು ಇಳಿಯುವ ಬಾಯಿಯ ರಬ್ಬರ್ ಬೂಚನ್ನು ಎತ್ತುತ್ತದೆ. ಹೊಸ ಮೋಟಾರ್ ಕೂರಿಸಿದಾಗ ತಂತಿ ಸ್ವಲ್ಪ ಬಿಗಿಯಾಗಿ ಸಿಕ್ಕಿಕೊಂಡಿತ್ತು. ಬೂಚು ಪೂರ್ತಿ ಕೂರಲಿಲ್ಲ. ಮೆಕ್ಯಾನಿಕ್ ತಂತಿಯ ಕೊಕ್ಕೆ ಸಡಿಲಿಸಿದರು, ಸರಿಯಾಯಿತು. ತಂದ ವಾಲ್ವ್ ಹಾಗೇ ವಾಪಸು ಹೋಯಿತು.

ಹಾಳೆಯಲ್ಲಿ ಈ ಭಾಗ ಹೀಗೆ ಬರೆದಿದ್ದೇನೆ. ಮೊದಲು ಪ್ಲಗ್ ತೆಗೆಯಿರಿ. ಕರೆಂಟ್ ಇಲ್ಲದಿದ್ದರೂ ನೀರು ಬರುತ್ತಲೇ ಇದ್ದರೆ ಒಳಬರುವ ವಾಲ್ವ್ ಕಚ್ಚಿಕೊಂಡಿದೆ, ಹೆಚ್ಚಾಗಿ ಮಣ್ಣಿನ ಕಣ ಸಿಕ್ಕಿರುತ್ತದೆ. ಪ್ಲಗ್ ತೆಗೆದ ಕೂಡಲೇ ನೀರು ಬರುವುದು ತಪ್ಪಿದರೆ ವಾಲ್ವ್ ಸರಿ ಇದೆ. ಆಗ ನಳ್ಳಿಯನ್ನೂ ಬಂದ್ ಮಾಡಿ, ತೊಟ್ಟಿಯ ನೀರು ಎಲ್ಲಿವರೆಗೆ ಇದೆ ಎಂದು ಗುರುತು ಮಾಡಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಮಟ್ಟ ಇಳಿದಿದ್ದರೆ ಅಡಿಯ ಬೂಚು ಕೂತಿಲ್ಲ. ಮಟ್ಟ ಅಲ್ಲೇ ಇದ್ದು, ಕರೆಂಟ್ ಕೊಟ್ಟರೆ ತುಂಬಿದ ಮೇಲೂ ಬರುತ್ತಲೇ ಇದ್ದರೆ ಆ ಸಪೂರದ ಗಾಳಿ ಪೈಪ್ ಕಳಚಿದೆಯೋ ತೂತಾಗಿದೆಯೋ ನೋಡಿ. ಮನೆಯಲ್ಲಿ ರಿಪೇರಿ ಮಾಡುವಾಗ ಮೆಷಿನ್ನನ್ನು ವಾಲಿಸಿದರೆ, ಹಿಂದಿನ ತಗಡು ತೆಗೆದರೆ, ಈ ಪೈಪ್ ಜಾರುವುದು ಸುಲಭ. ಪಂಪಿನಿಂದ ನೀರು ಹೊರಹಾಕುವ ಮೆಷಿನ್ ಆದರೆ ಇನ್ನೊಂದು ವಿಷಯವಿದೆ. ಹೊರಗಿನ ಪೈಪ್ ತೀರಾ ಕೆಳಗಿದ್ದರೆ ನೀರು ತಾನಾಗಿಯೇ ಎಳೆದುಕೊಂಡು ಹೋಗುತ್ತದೆ. ಅದನ್ನು ಪುಸ್ತಿಕೆಯಲ್ಲಿ ಹೇಳಿದ ಎತ್ತರಕ್ಕೆ ಸಿಕ್ಕಿಸಬೇಕು.

ಈಗ ನನ್ನ ಪ್ರಶ್ನೆ. ಈ ಎರಡು ತೊಂದರೆಗೆ ಎರಡು ಬೇರೆ ಮಾತು ಬೇಕು, ಓದಿದವರಿಗೆ ತಟ್ಟನೆ ಗೊತ್ತಾಗಬೇಕು. ‘ಒಳಗೆ ಉಳಿಯುವುದಿಲ್ಲ’ ಎಂದು ಬರೆದು ನೋಡಿದೆ. ಅದಕ್ಕೆ ಅಕ್ಕನೇ ಆಕ್ಷೇಪ ಹೇಳಿದಳು. ನೀರು ‘ಉಳಿದಿದೆ’ ಎಂದರೆ ಒಗೆದು ಮುಗಿದ ಮೇಲೂ ಅಡಿಯಲ್ಲಿ ಇಳಿಯದೆ ಬಾಕಿ ಇದೆ ಎಂದು ಅರ್ಥವಾಗುತ್ತದೆ. ಅದು ಬೇರೆಯೇ ತೊಂದರೆ. ‘ತೊಟ್ಟಿ ನೀರು ಹಿಡಿಯುವುದಿಲ್ಲ’ ಎಂದರೆ? ಕೆರೆಗೆ, ಕೊಡಕ್ಕೆ ಸರಿ. ಆದರೆ ‘ಎಷ್ಟು ನೀರು ಹಿಡಿಯುತ್ತದೆ’ ಎಂದರೆ ಅಳತೆಯ ಮಾತು, ‘ನಳ್ಳಿಯಲ್ಲಿ ನೀರು ಹಿಡಿದೆ’ ಎಂದರೆ ತುಂಬಿಸಿಕೊಂಡ ಮಾತು. ಸದ್ಯಕ್ಕೆ ‘ಇಲ್ಲ’ ಎನ್ನುವ ರೂಪವನ್ನೇ ಬಿಟ್ಟು, ‘ನೀರು ಬರುತ್ತಲೇ ಇದೆ’, ‘ನೀರು ಇಳಿದು ಹೋಗುತ್ತಿದೆ’ ಎಂದು ಬರೆದಿದ್ದೇನೆ. ನನಗೆ ಇದೇ ಸರಿ ಎಂದು ಕಾಣುತ್ತದೆ. ನೀರು ಏನು ಮಾಡುತ್ತಿದೆ ಎಂದು ಹೇಳಿದರೆ ಮೆಕ್ಯಾನಿಕ್‌ಗೂ ಅಂದಾಜು ಸಿಗುತ್ತದೆ, ಅಲ್ವಾ? ಇದಕ್ಕಿಂತ ಚುಟುಕಾದ ಮಾತು ನಿಮ್ಮಲ್ಲಿದ್ದರೆ ತಿಳಿಸಿ.

‘ನೀರು ಹೋಗುವುದಿಲ್ಲ’ ಕೂಡ ಹೀಗೇ. ಒಳಗೆ ಹೋಗುವುದಿಲ್ಲವೋ ಹೊರಗೆ ಹೋಗುವುದಿಲ್ಲವೋ ತಿಳಿಯದು. ಇದಕ್ಕೆ ‘ಬರುವುದಿಲ್ಲ’, ‘ಇಳಿಯುವುದಿಲ್ಲ’ ಸಾಕು.

ಸೋರುವ ವಿಷಯದಲ್ಲಿ ಮಾತ್ರ ನಮ್ಮ ಭಾಷೆ ಶ್ರೀಮಂತ. ಇಲ್ಲಿ ಪದಗಳನ್ನು ಹುಡುಕಬೇಕಾಗಲೇ ಇಲ್ಲ. ಕಾಸರಗೋಡಿನಲ್ಲಿ, ದಕ್ಷಿಣ ಕನ್ನಡದ ತೆಂಕು ಭಾಗದಲ್ಲಿ, ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳಿಂದ ನೀರು ತರುವ ಮನೆಗಳು ಈಗಲೂ ಇವೆ. ಸುರಂಗದ ಗೋಡೆಯಲ್ಲಿ ನೀರು ‘ಒಸರುತ್ತದೆ’. ಬಿರುಕಿನಿಂದ ‘ಜಿನುಗುತ್ತದೆ’. ಮಾಡಿನ ಹಂಚು ‘ಸೋರುತ್ತದೆ’. ತುಂಬಿದ ಕೊಡ ‘ತುಳುಕುತ್ತದೆ’. ಈ ವ್ಯತ್ಯಾಸ ಮಕ್ಕಳಿಗೂ ಗೊತ್ತು. ಮೆಷಿನ್‌ಗೂ ಇವೇ ಪದಗಳು ಒಪ್ಪುತ್ತವೆ, ತೊಂದರೆಯ ಜಾಗವನ್ನೂ ತೋರಿಸುತ್ತವೆ. ಪೈಪಿನ ಕ್ಲಿಪ್ ಸಡಿಲವಾದರೆ ಅಲ್ಲಿ ಜಿನುಗುತ್ತದೆ. ನಡುವಿನ ಶಾಫ್ಟಿನ ಸೀಲ್ ಸವೆದರೆ ಮೆಷಿನ್ನಿನ ಹೊಟ್ಟೆಯ ಅಡಿಯಲ್ಲಿ ಒಸರುತ್ತದೆ, ಅದೇ ನೀರು ಬೇರಿಂಗ್‌ಗೆ ತಾಗಿ ತುಕ್ಕು ಹಿಡಿಸುತ್ತದೆ. ಬಟ್ಟೆಯೂ ನೊರೆಯೂ ಜಾಸ್ತಿಯಾದರೆ ಮೇಲಿನಿಂದ ತುಳುಕುತ್ತದೆ. ‘ಲೀಕ್’ ಎಂಬ ಒಂದೇ ಮಾತಿನಲ್ಲಿ ಇದನ್ನೆಲ್ಲ ಮುಳುಗಿಸುವುದು ನನಗೆ ಇಷ್ಟವಿಲ್ಲ.

ಸುರಂಗದ್ದಾಗಲಿ ಬಾವಿಯದ್ದಾಗಲಿ, ಮಳೆಗಾಲದ ಸುರುವಿನ ನೀರಿನಲ್ಲಿ ಕೆಂಪು ಮಣ್ಣು ಇರುತ್ತದೆ. ಒಳಬರುವ ಪೈಪಿನ ಬಾಯಿಯಲ್ಲಿರುವ ಸಣ್ಣ ಜಾಳಿಗೆ ಅದರಿಂದಲೇ ಕಟ್ಟಿಕೊಳ್ಳುತ್ತದೆ. ಅದನ್ನು ಬಿಚ್ಚಿ ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿದರೆ ನೀರು ಮೊದಲಿನಂತೆ ಬರುತ್ತದೆ. ತೋಟಕ್ಕೆ ಮದ್ದು ಬಿಡುವಾಗ ಹಾಕಿದ ಅಂಗಿಯನ್ನು ಮೆಷಿನ್‌ಗೆ ಹಾಕುವ ಮೊದಲು ಬೇರೆಯಾಗಿ ನೆನೆಸಿ ತೊಳೆಯಿರಿ ಎಂದೂ ಹಾಳೆಯಲ್ಲಿ ಸೇರಿಸಿದ್ದೇನೆ. ಆ ಮದ್ದಿನಲ್ಲಿ ಮೈಲುತುತ್ತು, ಸುಣ್ಣ ಎರಡೂ ಇರುತ್ತವೆ.

ಮುಂದಿನದು ‘ತಿರುಗು’. ಒಗೆಯುವಾಗ ತಿರುಗುವುದು ಅಡಿಯ ಚಕ್ರ ಮಾತ್ರ, ಅದೂ ಒಮ್ಮೆ ಈಚೆ ಒಮ್ಮೆ ಆಚೆ. ತೊಟ್ಟಿಯೊಳಗಿನ ಬಟ್ಟೆಯ ಬುಟ್ಟಿಯನ್ನು ಬ್ರೇಕ್ ಹಿಡಿದಿರುತ್ತದೆ. ಹಿಂಡುವಾಗ ಚಕ್ರ, ಬುಟ್ಟಿ ಎರಡೂ ಒಂದಾಗಿ ಒಂದೇ ದಿಕ್ಕಿಗೆ ಜೋರಾಗಿ ಸುತ್ತುತ್ತವೆ. ಇಂಥ ಮೆಷಿನ್‌ಗಳಲ್ಲಿ ಬೂಚು ಎತ್ತುವ ಅದೇ ಡ್ರೈನ್ ಮೋಟಾರ್, ಚಕ್ರವನ್ನೂ ಬುಟ್ಟಿಯನ್ನೂ ಒಂದು ಮಾಡುವ ಕ್ಲಚ್ಚಿನ ಹಿಡಿಯನ್ನೂ ಎಳೆಯುತ್ತದೆ. ಹಾಗಾಗಿ ತಂತಿ ಬಿಗಿಯಾದರೆ ಒಗೆಯುವಾಗಲೂ ಬುಟ್ಟಿ ಚಕ್ರದ ಜೊತೆ ಸುತ್ತುವುದುಂಟು. ಇದು ಒಳ್ಳೆಯ ಸುಳಿವು, ಆದರೆ ‘ತಿರುಗುತ್ತದೆ’ ಎಂದಷ್ಟೇ ಹೇಳಿದರೆ ಈ ಸುಳಿವು ಕಳೆದುಹೋಗುತ್ತದೆ. ಚಕ್ರಕ್ಕೆ ‘ತಿರುಗು’, ಬುಟ್ಟಿಗೆ ‘ಸುತ್ತು’ ಎಂದು ಹಾಳೆಯಲ್ಲಿ ಬೇರೆ ಮಾಡಿದ್ದೇನೆ. ಇದು ನಾನು ಮಾಡಿಕೊಂಡ ಏರ್ಪಾಡು. ನಿಮ್ಮ ಕಡೆ ಸಹಜವಾಗಿಯೇ ಇಂಥ ವ್ಯತ್ಯಾಸ ಇದೆಯೇ?

‘ಹಿಂಡು’ ಎಂಬುದನ್ನು ಹಾಗೇ ಇಟ್ಟಿದ್ದೇನೆ. ಮೆಷಿನ್ ನಿಜವಾಗಿ ಹಿಂಡುವುದಿಲ್ಲ. ಸುತ್ತುವ ರಭಸಕ್ಕೆ ನೀರು ಬುಟ್ಟಿಯ ತೂತುಗಳಿಂದ ಹೊರಗೆ ಚಿಮ್ಮುತ್ತದೆ. ಆದರೂ ಆಟಿ ತಿಂಗಳ ಮಳೆಯಲ್ಲಿ ಬಟ್ಟೆ ಒಣಗದೆ ಕೂತಾಗ ಮನೆಯವರಿಗೆ ಬೇಕಾದ್ದು ಹಿಂಡಿದ ಬಟ್ಟೆ, ಆ ಮಾತು ಎಲ್ಲರಿಗೂ ತಿಳಿಯುತ್ತದೆ. ಕೆಲವು ಮನೆಗಳಲ್ಲಿ ‘ಪುರುಂಚು’ ಎನ್ನುತ್ತಾರೆ, ಅದು ಕೈಯಿಂದ ಒತ್ತಿ ಹಿಂಡುವುದಕ್ಕೆ ಹೆಚ್ಚು ಹೊಂದುತ್ತದೆ.

ಸೋಪು ಹೋಗುವ ಹಾಗೆ ಹೊಸ ನೀರಿನಲ್ಲಿ ಆಡಿಸುವುದಕ್ಕೆ ನಾನು ಬರೆದದ್ದು ‘ಅಲಂಬು’. ಇದನ್ನು ಬಿಡಲು ನನಗೆ ಮನಸ್ಸೇ ಇಲ್ಲ. ನಮ್ಮ ಅಮ್ಮಂದಿರು ದಿನವೂ ಆಡುವ ಪದ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲೂ ಇದೆ. ತಮಿಳಿನಲ್ಲಿ ‘ಅಲಂಬು’, ‘ಅಲಸು’ ಎರಡೂ ಬಳಕೆಯಲ್ಲಿವೆ. ಮಲಯಾಳದಲ್ಲಿ ಬಟ್ಟೆ ಒಗೆಯುವುದಕ್ಕೇ ‘ಅಲಕ್ಕು’ ಎನ್ನುತ್ತಾರೆ. ಹಾಗಾಗಿ ಮಲಯಾಳ ಮಾತಾಡುವ ಮೆಕ್ಯಾನಿಕ್‌ಗೂ ಪದದ ಚಹರೆ ಪರಿಚಯದ್ದೇ. ಆದರೆ ಒಂದು ಎಚ್ಚರ ಬೇಕು: ಅವರಿಗೆ ಅದು ಒಗೆಯುವ ಹಂತ ಎಂದು ಕೇಳಿಸಬಹುದು. ಘಟ್ಟದ ಮೇಲಿನವರು ‘ಜಾಲಿಸು’ ಎನ್ನುತ್ತಾರೆ ಎಂದು ಗೊತ್ತು. ಹಾಳೆಯಲ್ಲಿ ‘ಅಲಂಬು’ ಎಂದು ದೊಡ್ಡದಾಗಿ ಬರೆದು ಪಕ್ಕದಲ್ಲಿ ‘ಜಾಲಿಸು’ ಎಂದು ಹಾಕಿದರೆ ಗಡಿಯ ಆಚೆಯವರಿಗೂ ಉಪಯೋಗವಾದೀತು.

ಶಬ್ದಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೋಟಾರ್ ‘ಗುಂಯ್’ ಎಂದು ಕೂತಲ್ಲೇ ಕೂತರೆ, ಅದು ಸುರುವಾಗಲು ಬೇಕಾದ ಕೆಪ್ಯಾಸಿಟರ್ ನೋಡಬೇಕು. ಅದನ್ನು ಮನೆಯಲ್ಲಿ ಮುಟ್ಟಬೇಡಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. ಬಟ್ಟೆ ಹಾಕಿದಾಗ ‘ಕೀಂಯ್’ ಎಂದರೆ ಬೆಲ್ಟ್ ಜಾರುತ್ತಿದೆ. ಹಿಂಡುವಾಗ ‘ದಡ ದಡ’ ಎಂದರೆ ಬಟ್ಟೆ ಒಂದೇ ಪಕ್ಕಕ್ಕೆ ಸೇರಿದೆ, ಅಥವಾ ಮೆಷಿನ್ನಿನ ಕಾಲು ಸಮ ಇಲ್ಲ. ‘ಗರ ಗರ’ ಎಂದರೆ ಬೇರಿಂಗ್. ಇವಕ್ಕೆ ನಿಮ್ಮಲ್ಲಿ ಬೇರೆ ಅನುಕರಣ ಪದಗಳಿದ್ದರೆ ಬರೆಯಿರಿ.

ಮುಖ್ಯವಾಗಿ ಕರ್ನಾಟಕದ ಗಡಿಗೆ ತಾಗಿ ಹೊರಗಿರುವ ಅಕ್ಕಲಕೋಟೆ, ಜತ್ತ, ಆದವಾನಿ, ಮಡಕಶಿರಾ, ಹೊಸೂರು, ತಾಳವಾಡಿ ಕಡೆಯವರಿಂದ ಉತ್ತರ ಬೇಕು. ನೀವೂ ನಮ್ಮ ಹಾಗೇ ಬೇರೆ ಭಾಷೆಯ ಮೆಕ್ಯಾನಿಕ್‌ಗೆ ಕನ್ನಡದಲ್ಲಿ ಯೋಚಿಸಿ ಹೇಳುವವರು. ‘ನೀರು ಬರುವುದು ನಿಲ್ಲುವುದಿಲ್ಲ’ ಮತ್ತು ‘ನೀರು ಒಳಗೆ ನಿಲ್ಲುವುದಿಲ್ಲ’, ಇವೆರಡನ್ನೂ ಮನೆಯ ಹಿರಿಯರು ಫೋನಿನಲ್ಲಿ ಹೇಗೆ ಹೇಳುತ್ತಾರೋ ಹಾಗೇ ಬರೆದು ಕಳಿಸಿ, ತಿದ್ದಬೇಡಿ. ಜೊತೆಗೆ ನೀರು ಇಳಿಯುವ ಬಾಯಿಯ ಮುಚ್ಚಳಕ್ಕೆ ನಿಮ್ಮಲ್ಲಿ ಬೂಚು ಎನ್ನುತ್ತಾರೋ, ಬಿರಡೆ ಎನ್ನುತ್ತಾರೋ, ಇನ್ನೇನಾದರೂ ಹೆಸರಿದೆಯೋ ತಿಳಿಸಿ. ಊರಿನ ಹೆಸರು ಹಾಕಲು ಮರೆಯಬೇಡಿ.